ಕ್ಯಾಚ್‌ಫ್ರೇಸ್: ಧಾರಾವಾಹಿಯನ್ನೇ ನುಂಗುವ ಮಾತು

ಒಂದು ಪಾತ್ರ ಒಂದೇ ಮಾತನ್ನು ಹೆಚ್ಚುಕಡಿಮೆ ಒಂದೇ ರಾಗದಲ್ಲಿ ವಾರ ವಾರವೂ ಹೇಳುತ್ತದೆ. ನೋಡುವವರು ಅದಕ್ಕೆಂದೇ ಕಾದು ಕುಳಿತಿರುತ್ತಾರೆ. ಅಮೆರಿಕದ ಟೆಲಿವಿಷನ್ ಹಾಸ್ಯದಲ್ಲಿ ಇದಕ್ಕೆ ಕ್ಯಾಚ್‌ಫ್ರೇಸ್ ಎಂದು ಹೆಸರು. ಬರೆದಿಟ್ಟು ಓದಿದರೆ ಆ ಮಾತಿನಲ್ಲಿ ನಗುವಂಥದ್ದು ಬಹುಮಟ್ಟಿಗೆ ಏನೂ ಇರುವುದಿಲ್ಲ. 'ಡಿಫರೆಂಟ್ ಸ್ಟ್ರೋಕ್ಸ್' (1978–86) ಧಾರಾವಾಹಿಯಲ್ಲಿ ಪುಟ್ಟ ಗ್ಯಾರಿ ಕೋಲ್ಮನ್ ತನ್ನ ಅಣ್ಣನಿಗೆ ಕೇಳುತ್ತಿದ್ದದ್ದು ಇಷ್ಟೇ: ಏನು ಮಾತಾಡುತ್ತಿದ್ದೀಯ, ವಿಲ್ಲಿಸ್? ಆದರೆ ಆ ಹುಡುಗ ಕಣ್ಣು ಕಿರಿದಾಗಿಸಿ, ತುಟಿ ಮುಂದೆ ಮಾಡಿ, ಪದಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ 'ವಾಟ್ಚೂ ಟಾಕಿನ್ ಬೌಟ್' ಎಂದ ಕೂಡಲೇ ನಗೆ ಉಕ್ಕುತ್ತಿತ್ತು.

ಹೀಗೆ ಒಂದು ಮಾತು ನಿಲ್ಲಬೇಕಾದರೆ ಆ ಕಾಲದ ಟೆಲಿವಿಷನ್ನಿನ ಏರ್ಪಾಡೂ ಬೇಕಿತ್ತು. 1970ರ ದಶಕದ ಅಮೆರಿಕದಲ್ಲಿ ದೊಡ್ಡ ವಾಣಿಜ್ಯ ಜಾಲಗಳು ಮೂರೇ: ಎಬಿಸಿ, ಸಿಬಿಎಸ್, ಎನ್‌ಬಿಸಿ. ರಾತ್ರಿ ಕೇಳಿದ ಮಾತು ಬೆಳಗಾಗುವಷ್ಟರಲ್ಲಿ ಶಾಲೆಗಳನ್ನು ತಲುಪಿರುತ್ತಿತ್ತು. ಅನೇಕ ಹಾಸ್ಯ ಧಾರಾವಾಹಿಗಳ ಚಿತ್ರೀಕರಣ ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂರಿಸಿಕೊಂಡೇ ನಡೆಯುತ್ತಿತ್ತು. ನಮ್ಮ ಕಂಪನಿ ನಾಟಕಗಳಲ್ಲಿ 'ಒನ್ಸ್ ಮೋರ್' ಕೂಗು ಬಿದ್ದರೆ ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡುತ್ತಿತ್ತೆಂದು ಹಿರಿಯರು ಹೇಳುವುದುಂಟಲ್ಲ, ಸ್ಟುಡಿಯೋದ ಸಭಿಕರದೂ ಅದೇ ಜಾತಿಯ ಒತ್ತಾಯ. ಬರಹಗಾರನಿಗೆ ಕಥೆ ಮುಂದೆ ಹೋಗಬೇಕು. ಸಭೆಗೆ ಬೇಕಾದದ್ದು ಕಳೆದ ವಾರದ್ದೇ.

ಈ ಎಳೆದಾಟದಲ್ಲಿ ಒಂದು ಧಾರಾವಾಹಿ ಹೇಗೆ ಹದ ತಪ್ಪುತ್ತದೆ ಎಂಬುದಕ್ಕೆ 'ಗುಡ್ ಟೈಮ್ಸ್'ಗಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. 1974ರಲ್ಲಿ ಸಿಬಿಎಸ್‌ನಲ್ಲಿ ಆರಂಭವಾದ ಇದು ಶಿಕಾಗೋದ ಸರ್ಕಾರಿ ವಸತಿ ಸಮುಚ್ಚಯದಲ್ಲಿರುವ ಬಡ ಕಪ್ಪು ಕುಟುಂಬದ ಕಥೆ. ತಾಯಿಯ ಪಾತ್ರಕ್ಕೆ ಕರೆದಾಗ ಎಸ್ತರ್ ರೋಲ್ ಒಂದು ಷರತ್ತು ಹಾಕಿದ್ದರು: ಮನೆಯಲ್ಲಿ ತಂದೆ ಇರಲೇಬೇಕು. ಕಪ್ಪು ಮಕ್ಕಳನ್ನು ತಂದೆಯಿಲ್ಲದವರಂತೆ ತೋರಿಸುವ ರೂಢಿ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಹಾಗೆ ಜಾನ್ ಏಮಸ್ ತಂದೆಯಾಗಿ ಬಂದರು. ಹಿರಿಯ ಮಗ ಜೆ.ಜೆ.ಯ ಪಾತ್ರ ಜಿಮ್ಮಿ ವಾಕರ್ ಎಂಬ ಸಣಕಲು ದೇಹದ ಹಾಸ್ಯಗಾರನದು. ಅವನು ಒಮ್ಮೆ ಕಣ್ಣರಳಿಸಿ 'ಡೈ-ನೋ-ಮೈಟ್!' ಎಂದ. ಡೈನಮೈಟ್ ಎಂಬ ಪದವನ್ನು ಮೂರು ತುಂಡು ಮಾಡಿ ಎಸೆದದ್ದು, ಅಷ್ಟೇ. ಪ್ರತಿ ಕಂತಿನಲ್ಲೂ ಅದು ಬರಲೇಬೇಕೆಂದು ನಿರ್ದೇಶಕ ಜಾನ್ ರಿಚ್ ಹಟ ಹಿಡಿದರು. ನಿರ್ಮಾಪಕ ನಾರ್ಮನ್ ಲಿಯರ್‌ಗೆ ಅದು ಅಷ್ಟಾಗಿ ರುಚಿಸಲಿಲ್ಲ. ಗೆದ್ದದ್ದು ಮಾತು. ಅದನ್ನು ಹೇಳುವ ಗೊಂಬೆ ಕೂಡ ಅಂಗಡಿಗೆ ಬಂತು.

ಬಾಡಿಗೆ, ನಿರುದ್ಯೋಗ, ವರ್ಣಭೇದ ಎಲ್ಲವೂ ಹಿಂದೆ ಸರಿದು ಜೆ.ಜೆ.ಯ ಕೋಡಂಗಿತನ ಮುಂದೆ ಬಂತು. ಹದಿನೆಂಟು ತುಂಬಿದ ಈ ಹುಡುಗನಿಗೆ ಕೆಲಸವಿಲ್ಲ, ಓದುಬರಹವಿಲ್ಲ, ಯೋಚನೆಯೂ ಇಲ್ಲ ಎಂದು 1975ರಲ್ಲಿ 'ಎಬನಿ' ಪತ್ರಿಕೆಯ ಮುಂದೆ ರೋಲ್ ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡರು. ಬರಹಗಾರರೊಂದಿಗೆ ಜಗಳವಾಡುತ್ತಿದ್ದ ಏಮಸ್ ಅವರನ್ನು 1976ರಲ್ಲಿ ಕೈಬಿಡಲಾಯಿತು. ಕಥೆಯಲ್ಲಿ ತಂದೆ ಕಾರು ಅಪಘಾತದಲ್ಲಿ ಸತ್ತ. ಅಂದರೆ ಯಾವ ಷರತ್ತಿನ ಮೇಲೆ ರೋಲ್ ಪಾತ್ರ ಒಪ್ಪಿದ್ದರೋ ಅದೇ ಮುರಿದುಬಿತ್ತು. ಮರುವರ್ಷ ಅವರೂ ಹೊರನಡೆದರು, ಕೊನೆಯ ಸೀಸನ್‌ಗೆ ಮಾತ್ರ ಮರಳಿದರು. ವಾಕರ್‌ನನ್ನು ದೂರುವುದರಲ್ಲಿ ಅರ್ಥವಿಲ್ಲ. ನಗಿಸುವುದು ಅವನ ಕೆಲಸವಾಗಿತ್ತು, ನಗಿಸಿದ.

ಅತಿಥಿ ನಟರ ಕಥೆಯೂ ಇದಕ್ಕೆ ಹೆಣೆದುಕೊಂಡಿದೆ. ಒಂದು ದಿನಕ್ಕೆಂದು ಬಂದವರು ಮಾತಿನ ಬಲದಿಂದ ಮನೆಯ ಯಜಮಾನರಾದದ್ದುಂಟು. 1978ರ ಫೆಬ್ರುವರಿಯಲ್ಲಿ 'ಹ್ಯಾಪಿ ಡೇಸ್'ನ ಒಂದು ಕಂತಿಗೆ ರಾಬಿನ್ ವಿಲಿಯಮ್ಸ್ ಬಾಹ್ಯಾಕಾಶದ ಮೋರ್ಕ್ ಆಗಿ ಬಂದರು. ಅದೇ ಸೆಪ್ಟೆಂಬರಿಗೆ ಮೋರ್ಕ್‌ಗೆ ತನ್ನದೇ ಧಾರಾವಾಹಿ ಸಿಕ್ಕಿತು. ಅವನ 'ನಾನೂ ನಾನೂ' ಎಂಬ ನಮಸ್ಕಾರ ದೇಶದ ತುಂಬ ಹಬ್ಬಿತು, ಕನ್ನಡದ ಕಿವಿಗೆ ಅದು ಸ್ವಲ್ಪ ಅಹಂಕಾರದಂತೆ ಕೇಳಿದರೂ. 1989ರಲ್ಲಿ ಶುರುವಾದ 'ಫ್ಯಾಮಿಲಿ ಮ್ಯಾಟರ್ಸ್' ವಿನ್ಸ್ಲೋ ಎಂಬ ಪೊಲೀಸ್ ಅಧಿಕಾರಿಯ ಕುಟುಂಬದ ಕಥೆ. ಮೊದಲ ಸೀಸನ್ನಿನ ನಡುವೆ ಒಂದೇ ಸಲಕ್ಕೆಂದು ಪಕ್ಕದ ಮನೆಯ ಹುಡುಗ ಸ್ಟೀವ್ ಅರ್ಕಲ್‌ನನ್ನು ಕರೆತಂದರು. ದಪ್ಪ ಕನ್ನಡಕ, ಎದೆಯವರೆಗೆ ಏರಿಸಿದ ಪ್ಯಾಂಟು, ಮೂಗಿನ ದನಿ. ಏನನ್ನಾದರೂ ಒಡೆದು ಹಾಕಿ, 'ಇದನ್ನು ನಾನು ಮಾಡಿದೆನೇ?' ಎಂದು ಮುಗ್ಧವಾಗಿ ಕೇಳುತ್ತಿದ್ದ. ಜಲೀಲ್ ವೈಟ್ ಅಭಿನಯದ ಈ ಹುಡುಗ 1998ರವರೆಗೂ ಅಲ್ಲಿಂದ ಕದಲಲಿಲ್ಲ. ವಿನ್ಸ್ಲೋ ದಂಪತಿಯ ಕಿರಿಯ ಮಗಳು ಜೂಡಿ ಮಾತ್ರ ನಾಲ್ಕನೇ ಸೀಸನ್ನಿನ ನಂತರ ಕಾಣಿಸಲೇ ಇಲ್ಲ. ಅವಳು ಎಲ್ಲಿ ಹೋದಳೆಂದು ಕಥೆಯಲ್ಲಿ ಯಾರೂ ಕೇಳಲೂ ಇಲ್ಲ.

ತಾರೆಗಳು ಪಾತ್ರವಾಗಿ ಅಲ್ಲ, ತಮ್ಮದೇ ಹೆಸರಿನಲ್ಲಿ ಬಂದು ಹೋಗುವ ಪದ್ಧತಿ ಬೇರೆ. 1955ರಲ್ಲಿ 'ಐ ಲವ್ ಲೂಸಿ'ಗೆ ಚಿತ್ರತಾರೆ ವಿಲಿಯಂ ಹೋಲ್ಡನ್ ಬಂದಾಗ, ಅವರು ತನ್ನ ಗುರುತು ಹಿಡಿಯದಿರಲೆಂದು ಲೂಸಿ ಅಂಟಿನ ಮೂಗು ಹಚ್ಚಿಕೊಳ್ಳುತ್ತಾಳೆ. ಹೋಲ್ಡನ್ ಅವಳ ಸಿಗರೇಟು ಹಚ್ಚುವಾಗ ಆ ಮೂಗಿಗೇ ಬೆಂಕಿ ತಗುಲಿ, ಅವಳು ಅದನ್ನು ಕಾಫಿಯಲ್ಲಿ ಅದ್ದುತ್ತಾಳೆ. ಇಲ್ಲಿ ಅತಿಥಿ ಸುಮ್ಮನೆ ಗಂಭೀರವಾಗಿ ಕುಳಿತರೆ ಸಾಕು, ಉಳಿದದ್ದು ಲೂಸಿಯಾಗಿ ನಟಿಸಿದ ಲೂಸಿಲ್ ಬಾಲ್ ಕೆಲಸ. ಇದೇ ಧಾರಾವಾಹಿಯದೆಂದು ಎಲ್ಲರೂ ಹೇಳುವ ಮಾತೊಂದಿದೆ: ಲೂಸಿ, ನೀನು ಇದಕ್ಕೆ ವಿವರಣೆ ಕೊಡಬೇಕು ಎಂದು ಗಂಡ ರಿಕಿ ತನ್ನ ಕ್ಯೂಬಾದ ಉಚ್ಚಾರಣೆಯಲ್ಲಿ ಗದರುವುದು. ಜನರ ಬಾಯಲ್ಲಿರುವ ರೂಪದಲ್ಲಿ ಆ ವಾಕ್ಯ ಧಾರಾವಾಹಿಯಲ್ಲಿ ಬಂದೇ ಇಲ್ಲ. ಅಲ್ಲಿ ಇಲ್ಲಿ ಕೇಳಿದ್ದನ್ನು ಕೂಡಿಸಿ ಪ್ರೇಕ್ಷಕರೇ ಕಟ್ಟಿಕೊಂಡದ್ದು ಅದು.

ತಾರೆಯೂ ಮಾತೂ ಒಟ್ಟಿಗೆ ಸೇರಿದ ಅತಿ ವಿಚಿತ್ರ ಗಳಿಗೆ ಮಾತ್ರ ಕೌಟುಂಬಿಕ ಹಾಸ್ಯದಲ್ಲಿ ಬರಲಿಲ್ಲ, 'ಲಾಫ್-ಇನ್' ಎಂಬ ತುಣುಕು ಹಾಸ್ಯದ ಕಾರ್ಯಕ್ರಮದಲ್ಲಿ ಬಂತು. ಅಲ್ಲಿ 'ಸಾಕ್ ಇಟ್ ಟು ಮಿ' (ಕೊಡು ನನಗೊಂದು ಏಟು) ಎಂದವರ ಮೇಲೆ ನೀರು ಸುರಿಯುವುದು ವಾಡಿಕೆ. 1968ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ರಿಚರ್ಡ್ ನಿಕ್ಸನ್ ತೆರೆಯ ಮೇಲೆ ಬಂದು ಆ ಮಾತನ್ನು ನಂಬಲಾಗದವರಂತೆ ಪ್ರಶ್ನೆಯಾಗಿ ಕೇಳಿದರು. ನೀರು ಬೀಳಲಿಲ್ಲ. ಎದುರಾಳಿ ಹ್ಯೂಬರ್ಟ್ ಹಂಫ್ರಿಯವರಿಗೂ ಆಹ್ವಾನವಿತ್ತು, ಅವರು ಒಪ್ಪಲಿಲ್ಲ. ನವೆಂಬರಿನಲ್ಲಿ ನಿಕ್ಸನ್ ಶೇಕಡಾ 1ಕ್ಕಿಂತ ಕಡಿಮೆ ಮತಗಳ ಅಂತರದಿಂದ ಗೆದ್ದರು. ಆ ನಾಲ್ಕು ಪದಗಳೇ ಗೆಲ್ಲಿಸಿದವು ಎನ್ನುವವರಿದ್ದಾರೆ. ವಿಯೆಟ್ನಾಂ ಯುದ್ಧ ಉರಿಯುತ್ತಿದ್ದ ವರ್ಷದಲ್ಲಿ ನನಗಂತೂ ಅದು ಅತಿಯಾಯಿತು ಎನಿಸುತ್ತದೆ.