ಸೂಜಿಗೂ ಒಂದು ಆಯುಸ್ಸು

ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುತ್ತದಾ? ಈ ಕಾಯಿಲೆಯ ಮಾತು ಎಲ್ಲೇ ಬರಲಿ, ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಇಲ್ಲ, ಬರುವುದಿಲ್ಲ. ಹತ್ತಾರು ವರ್ಷಗಳಿಂದ ಡಾಕ್ಟರುಗಳು ಇದನ್ನೇ ಹೇಳಿ ಹೇಳಿ ಸುಸ್ತಾಗಿದ್ದಾರೆ. ಆದರೆ ಸುಮ್ನೆ ‘ಇಲ್ಲ’ ಎಂದು ಹೇಳಿ ಎದ್ದುಹೋದರೆ ಒಂದು ಒಳ್ಳೆಯ ವಿಷಯ ಕೈತಪ್ಪುತ್ತದೆ. ಯಾಕೆ ಬರುವುದಿಲ್ಲ ಎನ್ನುವುದರಲ್ಲೇ ಇರುವುದು ಸ್ವಾರಸ್ಯ.

ಸೊಳ್ಳೆಯ ಸೊಂಡಿಲಿನಲ್ಲಿ ಎರಡು ದಾರಿಗಳಿವೆ. ಒಂದರಲ್ಲಿ ರಕ್ತ ಮೇಲೇರುತ್ತದೆ, ಇನ್ನೊಂದರಲ್ಲಿ ಜೊಲ್ಲು ಕೆಳಗಿಳಿಯುತ್ತದೆ. ಒಬ್ಬರಿಂದ ಹೀರಿದ ರಕ್ತವನ್ನು ಅದು ಇನ್ನೊಬ್ಬರಿಗೆ ಚುಚ್ಚುವುದಿಲ್ಲ, ಚುಚ್ಚುವುದು ಜೊಲ್ಲನ್ನು ಮಾತ್ರ. ಆ ಜೊಲ್ಲಿಗೆ ಸೇರಬೇಕಾದರೆ ವೈರಸ್ ಸೊಳ್ಳೆಯ ಹೊಟ್ಟೆಯಲ್ಲಿ ಬದುಕಿ, ಬೆಳೆದು, ಜೊಲ್ಲಿನ ಗ್ರಂಥಿಯವರೆಗೆ ಹೋಗಬೇಕು. ಮಲೇರಿಯಾದ ಪರಾವಲಂಬಿಗೆ ಆ ವಿದ್ಯೆ ಗೊತ್ತು. ಎಚ್‌ಐವಿಗೆ ಗೊತ್ತಿಲ್ಲ. ಅದು ರಕ್ತದ ಜೊತೆಗೇ ಅರಗಿಹೋಗುತ್ತದೆ.

ಈಗ ಸಿರಿಂಜ್ ನೋಡಿ. ಅದಕ್ಕೆ ಇರುವುದು ಒಂದೇ ದಾರಿ. ಹೀರುವುದೂ ಅಲ್ಲಿಂದಲೇ, ಚುಚ್ಚುವುದೂ ಅಲ್ಲಿಂದಲೇ. ಡ್ರಗ್ಸ್ ಚುಚ್ಚಿಕೊಳ್ಳುವವರು ನರ ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ಸಿರಿಂಜ್‌ನ ಹಿಡಿಯನ್ನು ಸ್ವಲ್ಪ ಹಿಂದಕ್ಕೆ ಎಳೆಯುತ್ತಾರೆ. ಕೊಳವೆಯೊಳಗೆ ಕೆಂಪು ಎಳೆ ಕಂಡರೆ ನರ ಸಿಕ್ಕಿತು ಎಂದರ್ಥ. ಆಮೇಲೆ ಪೂರ್ತಿ ಒತ್ತುತ್ತಾರೆ. ಎಷ್ಟೇ ಒತ್ತಿದರೂ ಸೂಜಿ ಮತ್ತು ಕೊಳವೆ ಕೂಡುವ ಕುತ್ತಿಗೆಯಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ. ಸೂಜಿ ಬಿಚ್ಚಿ ಹಾಕುವ ಮಾದರಿಯಲ್ಲಿ ಅದು ಸುಮಾರು 84 ಮೈಕ್ರೋಲೀಟರ್ ಇರುತ್ತದೆ. ಸೂಜಿ ಅಂಟಿಕೊಂಡೇ ಬರುವ ಇನ್ಸುಲಿನ್ ಸಿರಿಂಜ್‌ನಲ್ಲಿ ಬರೀ 2. ಎರಡಕ್ಕೂ ಇರುವ ಅಂತರ ನೋಡಿ! ಉಳಿದ ಆ ರಕ್ತದಲ್ಲಿ ವೈರಸ್ ಎಷ್ಟು ದಿನ ಬದುಕಿರುತ್ತದೆ ಎಂದು 1990ರ ದಶಕದ ಕೊನೆಯಲ್ಲಿ ಪ್ರಯೋಗಾಲಯದಲ್ಲಿ ನೋಡಿದಾಗ, ಕೆಲವು ಸಿರಿಂಜ್‌ಗಳಲ್ಲಿ ನಾಲ್ಕು ವಾರದ ಮೇಲೂ ಜೀವಂತ ವೈರಸ್ ಸಿಕ್ಕಿತು. ಹೊರಗಿನ ಗಾಳಿಗೆ ಬೇಗ ಸಾಯುವ ವೈರಸ್ ಇದು. ಮುಚ್ಚಿದ ಕೊಳವೆಯೊಳಗೆ ಅದಕ್ಕೆ ಆರಾಮ.

ಅಂದರೆ ಸೊಳ್ಳೆಯ ಮೇಲೆ ಹೊರಿಸಿದ ಅಪವಾದ ನಿಜವಾಗಿ ಸಲ್ಲಬೇಕಾದದ್ದು ಸಿರಿಂಜ್‌ಗೆ. ಒಬ್ಬರಿಂದೊಬ್ಬರಿಗೆ ಹಾರುತ್ತಾ ಹೋಗುವ, ರಕ್ತ ಕುಡಿದು ಅದೇ ರಕ್ತವನ್ನು ಮುಂದಿನವರಿಗೆ ಬಡಿಸುವ ಸೊಳ್ಳೆ ಅದು. ಇದು ಮಾತಿನ ಚಮತ್ಕಾರವಲ್ಲ. ಇದನ್ನೇ ಗಣಿತವಾಗಿಸಿ ಲೆಕ್ಕ ಹಾಕಿದವರಿದ್ದಾರೆ. ಅಲ್ಲಿಗೆ ಹೋಗುವ ಮುಂಚೆ ರೊನಾಲ್ಡ್ ರಾಸ್ ಅವರನ್ನು ಮಾತಾಡಿಸಿಕೊಂಡು ಬರೋಣ.

ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡರು. 1902ರಲ್ಲಿ ನೊಬೆಲ್ ಬಂತು. ಶಾಲೆಯ ಪಾಠ ಇಲ್ಲಿಗೆ ನಿಲ್ಲುತ್ತದೆ. ಅವರ ಎರಡನೇ ಕೆಲಸ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ‘ಲೋಕದ ಸೊಳ್ಳೆಗಳನ್ನೆಲ್ಲಾ ಕೊಲ್ಲಲು ಆಗುತ್ತದಾ ಸ್ವಾಮಿ?’ ಎಂದು ಜನ ಗೇಲಿ ಮಾಡುತ್ತಿದ್ದ ಕಾಲ ಅದು. ರಾಸ್ ಸಮೀಕರಣ ಬರೆದು ತೋರಿಸಿದರು: ಎಲ್ಲವನ್ನೂ ಕೊಲ್ಲಬೇಕಿಲ್ಲ. ಸೊಳ್ಳೆ ಒಂದು ಮಟ್ಟಕ್ಕಿಂತ ಕಡಿಮೆಯಾದರೆ ಸಾಕು, ಕಾಯಿಲೆ ತಾನಾಗಿ ಕುಂದುತ್ತದೆ. 1950ರ ದಶಕದಲ್ಲಿ ಮಲೇರಿಯಾ ತಜ್ಞ ಜಾರ್ಜ್ ಮ್ಯಾಕ್‌ಡೊನಾಲ್ಡ್ ಅದಕ್ಕೆ ಇನ್ನೊಂದು ಮಾತು ಸೇರಿಸಿದರು. ಸೊಳ್ಳೆ ಎಷ್ಟಿವೆ ಎನ್ನುವುದಕ್ಕಿಂತ ಒಂದೊಂದು ಸೊಳ್ಳೆ ಎಷ್ಟು ದಿನ ಬದುಕುತ್ತದೆ ಎನ್ನುವುದು ಮುಖ್ಯ ಎಂದರು.

ಈ ಮಾತನ್ನು ಹಿಡಿದುಕೊಂಡೇ ಅಮೆರಿಕದ ನ್ಯೂ ಹೇವನ್‌ಗೆ ಬನ್ನಿ. 1990ರ ನವೆಂಬರ್. ಹಳೆ ಸೂಜಿ ಕೊಟ್ಟವರಿಗೆ ಹೊಸ ಸೂಜಿ ಕೊಡುವ ವ್ಯಾನೊಂದು ಓಡಾಡಲು ಶುರುಮಾಡಿತು. ಕೊಡುವ ಪ್ರತಿ ಸಿರಿಂಜ್‌ಗೂ ಒಂದು ನಂಬರ್. ಪಡೆಯುವವರಿಗೆ ಒಂದು ಸುಳ್ಳು ಹೆಸರು. ಇದರಿಂದ ಉಪಯೋಗ ಆಗುತ್ತಿದೆಯಾ ಎಂದು ಅಳೆಯಲು ಬಂದವರು ಯೇಲ್ ವಿಶ್ವವಿದ್ಯಾಲಯದ ಎಡ್ವರ್ಡ್ ಕಪ್ಲಾನ್. ಅವರು ಡಾಕ್ಟರಲ್ಲ, ಲೆಕ್ಕದವರು. ಡ್ರಗ್ಸ್ ತೆಗೆದುಕೊಳ್ಳುವವರ ಮಾತನ್ನು ನಂಬುವುದು ಹೇಗೆ ಎಂದು ವಿರೋಧಿಗಳು ಕೇಳುತ್ತಿದ್ದರು. ಸರಿ, ಮನುಷ್ಯರನ್ನು ಕೇಳುವುದೇ ಬೇಡ, ಸೂಜಿಯನ್ನೇ ಕೇಳೋಣ ಎಂದರು ಕಪ್ಲಾನ್. ರಾಬರ್ಟ್ ಹೈಮರ್ ಅವರ ತಂಡ ವಾಪಸ್ ಬಂದ ಸಿರಿಂಜ್‌ಗಳನ್ನು ಪಿಸಿಆರ್‌ನಲ್ಲಿ, ಅಂದರೆ ವೈರಸ್ಸಿನ ಸಣ್ಣ ಗುರುತನ್ನೂ ಹಿಡಿಯುವ ಪರೀಕ್ಷೆಯಲ್ಲಿ, ಪರೀಕ್ಷಿಸಿತು.

ಮೊದಲು ಬೀದಿಯಿಂದ ಬಂದ ಸೂಜಿಗಳಲ್ಲಿ ಸುಮಾರು ಮೂರರಲ್ಲಿ ಎರಡಕ್ಕೆ ವೈರಸ್ ಅಂಟಿತ್ತು. ಕೆಲವೇ ತಿಂಗಳಲ್ಲಿ ಆ ಪ್ರಮಾಣ ಮೂರನೇ ಒಂದು ಭಾಗದಷ್ಟು ಇಳಿಯಿತು. ಕಾರಣ ಸರಳ. ಬೀದಿಗೆ ಬಿದ್ದ ಸೂಜಿ ಹೆಚ್ಚು ದಿನ ಸುತ್ತಿದಷ್ಟೂ ಹೆಚ್ಚು ಕೈಗಳನ್ನು ದಾಟುತ್ತದೆ. ದಾಟಿದಷ್ಟೂ ಸೋಂಕಿರುವ ಒಬ್ಬರ ಕೈ ಸೇರುವ ಸಂಭವ ಜಾಸ್ತಿ. ಬೇಗ ವಾಪಸ್ ಬಂದರೆ ಅದು ಸೋಂಕು ತಗಲುವ ಮೊದಲೇ ಡಬ್ಬಿ ಸೇರುತ್ತದೆ. ಗಮನಿಸಿ, ಇಲ್ಲಿ ಯಾರೂ ಡ್ರಗ್ಸ್ ಬಿಟ್ಟಿಲ್ಲ ಅನ್ನಿ. ಯಾರೂ ಹಂಚಿಕೊಳ್ಳುವುದನ್ನು ನಿಲ್ಲಿಸಿಲ್ಲ ಎಂದೇ ಇಟ್ಟುಕೊಳ್ಳಿ. ಆದರೂ ಸೋಂಕು ಇಳಿಯುತ್ತದೆ, ಏಕೆಂದರೆ ಸೂಜಿಯ ಆಯುಸ್ಸು ಕಡಿಮೆಯಾಯಿತು. ಕಾರ್ಯಕ್ರಮಕ್ಕೆ ಬಂದವರಲ್ಲಿ ಹೊಸ ಸೋಂಕು 33% ಕಡಿಮೆಯಾಗಿರಬೇಕೆಂದು ಕಪ್ಲಾನ್ ಅಂದಾಜು ಮಾಡಿದರು.

ಹಾಗಾದರೆ ಸೂಜಿ ಬೇಗ ವಾಪಸ್ ಬರುವಂತೆ ಮಾಡುವವರು ಯಾರು? ಸಮುದಾಯ ಬೇಕಾಗುವುದು ಇಲ್ಲೇ. ಆಸ್ಪತ್ರೆಯ ಕಿಟಕಿಯಲ್ಲಿ ಬಿಳಿ ಕೋಟು ಹಾಕಿಕೊಂಡು ಕೂತರೆ ಯಾರು ಬಂದು ಕೊಡುತ್ತಾರೆ? ಸಂಜೆ ಯಾವ ಗೋಡೆಯ ಹಿಂದೆ ಯಾರು ಸೇರುತ್ತಾರೆ, ಯಾರಿಗೆ ಮೊನ್ನೆ ಪೊಲೀಸರ ಏಟು ಬಿತ್ತು, ಯಾರ ತೋಳಿನಲ್ಲಿ ಕೀವಾಗಿದೆ ಎಂದು ಗೊತ್ತಿರುವುದು ಅದೇ ಬದುಕು ಕಂಡವರಿಗೆ. ಪೀರ್ ಎಜುಕೇಟರ್ ಎನ್ನುವುದು ಅವರನ್ನೇ. ಅವರನ್ನು ಇಟ್ಟುಕೊಳ್ಳುವುದು ದೊಡ್ಡ ಮನಸ್ಸಿನ ಮಾತಲ್ಲ. ಅವರಿಲ್ಲದಿದ್ದರೆ ಯಂತ್ರವೇ ತಿರುಗುವುದಿಲ್ಲ. ಸೂಜಿ ವಿನಿಮಯ ಶುರುವಾದದ್ದೂ ಹೀಗೇ. 1984ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡ್ರಗ್ಸ್ ಬಳಸುವವರೇ ಕಟ್ಟಿಕೊಂಡಿದ್ದ ಸಂಘ ಆರೋಗ್ಯ ಇಲಾಖೆಯಿಂದ ಸೂಜಿ ಪಡೆದು ಹಂಚಿತು. ಆಗ ಅವರಿಗಿದ್ದ ಭಯ ಹೆಪಟೈಟಿಸ್ ಬಿಯದು.

ಅದೇ ಹೊತ್ತಿಗೆ ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ತದ್ವಿರುದ್ಧ ನಡೆಯಿತು. ಪೊಲೀಸರ ಬಿಗಿಯಿಂದ ಸಿರಿಂಜ್ ಸಿಗುವುದೇ ಕಷ್ಟವಾಯಿತು. ಇರುವ ನಾಲ್ಕೇ ಸೂಜಿ ಎಲ್ಲರ ಕೈ ಸುತ್ತಿದವು. ಅಲ್ಲಿ ಹೆರಾಯಿನ್ ಬಳಸುವ 164 ಜನರನ್ನು ಪರೀಕ್ಷಿಸಿದಾಗ 51% ಮಂದಿಗೆ ಸೋಂಕು ಇತ್ತೆಂದು 1986ರಲ್ಲಿ ವರದಿಯಾಯಿತು.

ಸೂಜಿ ಬಿಟ್ಟು ಬೇರೆ ದಾರಿಯಲ್ಲಿ ಹರಡುವಾಗಲೂ, ಆ ಬದುಕು ಕಂಡವರೇ ಬೇಕು ಎನ್ನುವ ಇದೇ ತರ್ಕ ನಡೆಯುತ್ತದೆ. ಕೋಲ್ಕತ್ತಾದ ವೇಶ್ಯಾವಾಟಿಕೆ ಪ್ರದೇಶವಾದ ಸೋನಾಗಾಚಿಯಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಶುರುಮಾಡಿದ ಕೆಲಸ ಇದಕ್ಕೆ ಸಾಕ್ಷಿ. ಲೈಂಗಿಕ ಕಾರ್ಯಕರ್ತೆಯರೇ ಮನೆ ಮನೆಗೆ ಹೋಗಿ ಕಾಂಡೋಮ್ ಬಗ್ಗೆ ಹೇಳಿದರು. 1995ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕ್ ಕಟ್ಟಿದರು. ಏಡ್ಸ್ ತಡೆಯುವುದಕ್ಕೂ ಬ್ಯಾಂಕಿಗೂ ಏನು ಸಂಬಂಧ ಅಂತೀರಾ? ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿರುವಾಗ ಕಾಂಡೋಮ್ ಒಲ್ಲೆ ಎನ್ನುವ ಗಿರಾಕಿಯನ್ನು ವಾಪಸ್ ಕಳಿಸಲು ಆಗುವುದಿಲ್ಲ. ಇದು ಹೊರಗಿನಿಂದ ಕರಪತ್ರ ಹಂಚಲು ಬಂದವರಿಗೆ ಹೊಳೆಯುವಂಥದ್ದಲ್ಲ.

ಈಗ ಮಾತ್ರೆಯೂ ಇದೆ. ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ, ಸರಿಯಾಗಿ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. 2019ರ ಪಾರ್ಟ್‌ನರ್-2 ಅಧ್ಯಯನದಲ್ಲಿ ಕಾಂಡೋಮ್ ಇಲ್ಲದ 76,000ಕ್ಕೂ ಹೆಚ್ಚು ಸಂಪರ್ಕಗಳ ಲೆಕ್ಕವಿತ್ತು. ಸಂಗಾತಿಯಿಂದ ದಾಟಿದ ಸೋಂಕು ಒಂದೂ ಇರಲಿಲ್ಲ. ಆದರೆ ಮಾತ್ರೆ ಬಿಡದಂತೆ ನೋಡಿಕೊಳ್ಳಲು ಪಕ್ಕದಲ್ಲಿ ಒಬ್ಬರು ಬೇಕಲ್ವಾ? ಮತ್ತೆ ಅದೇ ಪೀರ್, ಅದೇ ಗೆಳೆಯ.

‘ಸೂಜಿ ಕೊಟ್ಟರೆ ಚಟ ಬೆಳೆಯುತ್ತದೆ’ ಎನ್ನುವ ವಾದಕ್ಕೆ ನನ್ನ ಹತ್ತಿರ ತಾಳ್ಮೆ ಕಡಿಮೆ. ಸಿಯಾಟಲ್‌ನ ಅಧ್ಯಯನವೊಂದರಲ್ಲಿ, ವಿನಿಮಯ ಕೇಂದ್ರಕ್ಕೆ ಹೊಸದಾಗಿ ಬಂದವರು ಬಾರದವರಿಗಿಂತ ಐದು ಪಟ್ಟು ಹೆಚ್ಚಾಗಿ ಚಟ ಬಿಡಿಸುವ ಚಿಕಿತ್ಸೆಗೆ ಸೇರಿದ್ದು ಕಂಡಿತು. ಭಾರತದ 2017ರ ಎಚ್‌ಐವಿ ಕಾಯ್ದೆ ಕೂಡ ಇಂಥ ಕೆಲಸ ಮಾಡುವವರನ್ನು ಅಪರಾಧಿಗಳೆಂದು ಹಿಡಿಯುವಂತಿಲ್ಲ ಎನ್ನುತ್ತದೆ.

ಆದರೂ ವಾದ ಸಾಯುವುದಿಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿಯಲ್ಲಿ 2004ರಿಂದ 2013ರವರೆಗೆ ವರದಿಯಾಗಿದ್ದು ಐದೇ ಎಚ್‌ಐವಿ ಪ್ರಕರಣ. 2014ರ ನವೆಂಬರ್‌ನಿಂದ ಒಂದೇ ವರ್ಷದಲ್ಲಿ 181. ನೋವಿನ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳುತ್ತಿದ್ದವರಲ್ಲಿ ಹಬ್ಬಿದ್ದು ಅದು. ಅಲ್ಲಿಯವರೆಗೆ ಸೂಜಿ ವಿನಿಮಯಕ್ಕೆ ಕಾನೂನಿನ ಅಡ್ಡಿ ಇತ್ತು. ತುರ್ತು ಪರಿಸ್ಥಿತಿ ಘೋಷಿಸಿ ಕೇಂದ್ರ ತೆರೆದರು, ಹೊಸ ಸೋಂಕು ಇಳಿಯಿತು. 2021ರಲ್ಲಿ ಕೌಂಟಿಯ ಆಡಳಿತ ಒಂದರ ವಿರುದ್ಧ ಎರಡು ಮತಗಳಿಂದ ಅದನ್ನು ಮುಚ್ಚಲು ತೀರ್ಮಾನಿಸಿತು.

ಡ್ರಗ್ಸ್ ಚುಚ್ಚಿಕೊಳ್ಳುವ ಒಬ್ಬರಿಗೆ ವರ್ಷಕ್ಕೆ 300 ಸೂಜಿ ಸಿಗಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟುಕೊಂಡ ಗುರಿ. 2017ರ ಜಾಗತಿಕ ಅಂದಾಜಿನಲ್ಲಿ ಸಿಕ್ಕಿದ್ದು ಸರಾಸರಿ 33. ದಿನಕ್ಕೆ ಎರಡು ಸಲ ಚುಚ್ಚಿಕೊಳ್ಳುವವರು ಅಷ್ಟನ್ನೇ ನಂಬಿಕೊಂಡರೆ ಒಂದೊಂದು ಸೂಜಿಯೂ ಇಪ್ಪತ್ತೆರಡು ಸಲ ಬಳಕೆಯಾಗಬೇಕು.