ಎರಡು ಎಎ ಸೆಲ್ಲಿನ ಮೇಲೆ ನಿಂತಿದ್ದ ಪಾಮ್‌ಟಾಪ್‌ಗಳು, ಅವುಗಳ ಇವತ್ತಿನ ಕಾಟ

ಹಳೇ ಸಯಾನ್ ಕಂಪನಿದೋ ಎಚ್‌ಪಿದೋ ಪಾಮ್‌ಟಾಪ್, ಅಂದ್ರೆ ಜೇಬಲ್ಲಿ ಹಿಡಿಯೋ ಪುಟ್ಟ ಕಂಪ್ಯೂಟರ್, ಹೊಸದಾಗಿ ತಗೊಂಡೋರು ಸೆಲ್ ಎರಡೂ ಒಟ್ಟಿಗೆ ತೆಗೆದು ಹೊಸದು ಹಾಕ್ತಾರೆ, ಆನ್ ಮಾಡಿದ್ರೆ ಡೈರಿ, ನೋಟ್ಸು, ಫೋನ್ ನಂಬರು ಎಲ್ಲ ಖಾಲಿ. ಮುಖ್ಯ ಸೆಲ್ ತೆಗೆದಾಗ ಮೆಮೊರಿ ಕಾಯೋಕೆ ಒಳಗೆ ಇರೋ ಬಟನ್ ಸೆಲ್ ಸತ್ತಿದ್ರೆ ಇದು ಆಗೇ ಆಗತ್ತೆ, ಯಾಕಂದ್ರೆ ಇವುಗಳಲ್ಲಿ ಬರೆದಿದ್ದೆಲ್ಲ ಇರೋದು ರ್‍ಯಾಮ್‌ನಲ್ಲಿ, ಕರೆಂಟ್ ನಿಂತ್ರೆ ಅದೂ ಹೋಯ್ತು.

ಯಾಕೆ ಹಾಗೆ ಮಾಡಿದ್ರು ಅಂದ್ರೆ 1989ಕ್ಕೆ ಹೋಗ್ಬೇಕು. ಆ ವರ್ಷ ಬಂದ ಅಟಾರಿ ಪೋರ್ಟ್‌ಫೋಲಿಯೋದಲ್ಲಿ 128 ಕೆಬಿ ರ್‍ಯಾಮ್, ಸಾಲಿಗೆ 40 ಅಕ್ಷರದ ಎಂಟು ಸಾಲಿನ ಸ್ಕ್ರೀನು, ಮೂರು ಎಎ ಸೆಲ್ಲು. ಜೇಬಿಗೆ ಹೋಗೋ ಸೈಜಲ್ಲಿ ಹಾರ್ಡ್ ಡಿಸ್ಕಿಗೆ ಜಾಗವೂ ಇರ್ಲಿಲ್ಲ, ಪವರೂ ಇರ್ಲಿಲ್ಲ, ಕರೆಂಟ್ ನಿಂತ್ರೂ ಬರೆದಿದ್ದು ಉಳಿಸೋ ಫ್ಲ್ಯಾಶ್ ಮೆಮೊರಿ ಆಗ ತುಂಬಾ ದುಬಾರಿ. 1991ರಲ್ಲಿ ಸಯಾನ್ ಸೀರೀಸ್ 3, ಎಚ್‌ಪಿ 95ಎಲ್‌ಎಕ್ಸ್ ಎರಡೂ ಬಂದ್ವು, ಎರಡೂ ಎರಡೇ ಎಎ ಸೆಲ್ಲಲ್ಲಿ ಓಡೋವು. 1994ರ ಎಚ್‌ಪಿ 200ಎಲ್‌ಎಕ್ಸ್ ಅಂತೂ ಎಂಎಸ್-ಡಾಸ್ 5.0 ಆಪರೇಟಿಂಗ್ ಸಿಸ್ಟಮ್, ಲೋಟಸ್ 1-2-3 ಸ್ಪ್ರೆಡ್‌ಶೀಟ್ ಎರಡನ್ನೂ ಕರೆಂಟ್ ಹೋದ್ರೂ ಅಳಿಸದ ರೋಮ್ (ROM) ಚಿಪ್ಪಲ್ಲೇ ಇಟ್ಕೊಂಡು ಬಂತು, ಒಂದು ಜೊತೆ ಸೆಲ್ಲಲ್ಲಿ ವಾರಗಟ್ಲೆ ನಡೆಯತ್ತೆ. ನನ್ ಪ್ರಕಾರ ಈ ಜಾತಿಯಲ್ಲಿ ಇದರಷ್ಟು ಗಟ್ಟಿಯಾಗಿ ಯೋಚ್ನೆ ಮಾಡಿದ ಮೆಷಿನ್ ಇನ್ನೊಂದಿಲ್ಲ. ಆದ್ರೂ ಇದರ ಹಿಂಜ್ ಹತ್ರ ಪ್ಲಾಸ್ಟಿಕ್ ಬಿರುಕು ಬಿಡೋದು ಮಾತ್ರ ತಪ್ಪಲ್ಲ.

ಸಯಾನ್‌ದು ಬೇರೆ ಥರದ ಗೋಳು. 1997ರ ಸೀರೀಸ್ 5 ತೆರೆದ ತಕ್ಷಣ ಕೀಬೋರ್ಡ್ ಮುಂದಕ್ಕೆ ಜಾರತ್ತೆ, ಸ್ಕ್ರೀನ್ ಹಿಂದೆ ಒರಗತ್ತೆ, ಟೈಪ್ ಮಾಡುವಾಗ ಮಗುಚಿ ಬೀಳಲ್ಲ, ಮಾರ್ಟಿನ್ ರಿಡಿಫೋರ್ಡ್ ಡಿಸೈನ್ ಅದು, ಇವತ್ತಿಗೂ ಟೈಪ್ ಮಾಡಿದ್ರೆ ಖುಷಿ ಆಗತ್ತೆ. ಆದ್ರೆ ಅಷ್ಟೆಲ್ಲ ಜಾರಬೇಕಾದ್ರೆ ಸ್ಕ್ರೀನಿಗೆ ಹೋಗೋ ಪಟ್ಟಿ ಕೇಬಲ್ ಪ್ರತಿ ಸಲ ಮಡಚಿ ಬಿಚ್ಚಬೇಕು, ಮಡಿಕೆ ಬೀಳೋ ಜಾಗದಲ್ಲಿ ತಾಮ್ರದ ಗೆರೆ ಸೀಳತ್ತೆ, ಮೊದ್ಲು ಸ್ಕ್ರೀನಲ್ಲಿ ಗೆರೆಗಳು, ಆಮೇಲೆ ಯಾವ್ದೋ ಒಂದು ಕೋನದಲ್ಲಿ ಹಿಡಿದ್ರೆ ಮಾತ್ರ ಚಿತ್ರ, ಕೊನೆಗೆ ಏನೂ ಇಲ್ಲ. ಕೇಬಲ್ ಬದಲಾಯಿಸ್ಬಹುದು, ತಾಳ್ಮೆ ಬೇಕು ಅಷ್ಟೇ. ಮೇಲಿನ ರಬ್ಬರ್ ಕೋಟಿಂಗು ವಯಸ್ಸಾದ್ಮೇಲೆ ಅಂಟಂಟಾಗತ್ತೆ, ಅದಕ್ಕೆ ಪೂರ್ತಿ ತೆಗೆಯೋದೇ ದಾರಿ.

ಸೆಲ್ ವಿಷಯದಲ್ಲಿ ಇನ್ನೊಂದು ಗೊಂದಲ ಇದೆ. ಆಲ್ಕಲೈನ್ ಸೆಲ್ 1.5 ವೋಲ್ಟು, ರೀಚಾರ್ಜೆಬಲ್ ನಿಕಲ್ ಸೆಲ್ 1.2, ಹಾಗಾಗಿ ಚಾರ್ಜ್ ಇದ್ರೂ ಮೆಷಿನ್ ಬೇಗ ಲೋ ಬ್ಯಾಟರಿ ಅಂತ ಕೂಗತ್ತೆ. ಆಲ್ಕಲೈನ್ ಹಾಕಿಟ್ಟು ಮರೆತ್ರೆ ಅದು ಸೋರಿ ಕಾಂಟ್ಯಾಕ್ಟ್ ತಿನ್ನತ್ತೆ, ಅದು ಇನ್ನೂ ಕೆಟ್ಟದ್ದು. ಬದಲಾಯಿಸೋ ಮುಂಚೆ ಬಟನ್ ಸೆಲ್ ಚೆಕ್ ಮಾಡಿ, ಮುಖ್ಯ ಸೆಲ್ ಬೇಗ ಬೇಗ ಹಾಕಿ, ಸೀರೀಸ್ 5 ಆದ್ರೆ ಫೈಲ್‌ನೆಲ್ಲ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡಿಗೆ ಕಾಪಿ ಮಾಡಿಟ್ಕೊಳ್ಳಿ.

1999ರ ರೆವೊ ಬಂದಾಗ ಸಯಾನ್ ಎಎ ಸೆಲ್ ಬಿಟ್ಟು ಒಳಗೇ ರೀಚಾರ್ಜೆಬಲ್ ಬ್ಯಾಟರಿ ಕೂರಿಸ್ತು, ನೋಡೋಕೆ ತೆಳ್ಳಗೆ ಚೆನ್ನಾಗಿತ್ತು, ಆದ್ರೆ ತಿಂಗಳುಗಟ್ಲೆ ಚಾರ್ಜ್ ಮಾಡ್ದೆ ಬಿಟ್ರೆ ಬ್ಯಾಟರಿ ಸಾಯತ್ತೆ, ಬಿಚ್ಚದೆ ಹೊಸದು ಹಾಕೋಕಾಗಲ್ಲ. 2001ರಲ್ಲಿ ಕಂಪನಿ ಈ ವ್ಯವಹಾರದಿಂದಲೇ ಹೊರಗೆ ಬಂತು. 2018ರಲ್ಲಿ ಜನರ ಕೈ ಸೇರಿದ, ಬೇರೆ ಕಂಪನಿಯ ಜೆಮಿನಿ ಅನ್ನೋ ಜೇಬು ಕಂಪ್ಯೂಟರಿಗೂ ರಿಡಿಫೋರ್ಡೇ ಡಿಸೈನರ್, ಕೀಬೋರ್ಡ್ ವಾಪಸ್ ಬಂತು, ಎಎ ಸೆಲ್ ಮಾತ್ರ ಬರ್ಲಿಲ್ಲ, ಒಳಗೆ ಲಿಥಿಯಂ ಬ್ಯಾಟರಿ.