ಗೆಳೆಯರ ಪಾಲುದಾರಿಕೆ ಮತ್ತು ಆಫರ್ ಲೆಟರ್

ಚಿಕ್ಕಮಗಳೂರಿನಲ್ಲಿ ಲೆಕ್ಕಪತ್ರ, ತೆರಿಗೆ ಸಲಹೆಯ ಕೆಲಸ ಮಾಡುವ ನನ್ನ ಬಳಿಗೆ ಅಂತಿಮ ವರ್ಷದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ಪ್ರಶ್ನೆ ಹಿಡಿದು ಬರುತ್ತಾರೆ: ಜಿಎಸ್‌ಟಿ ನೋಂದಣಿ ಬೇಕೇ, ಮುದ್ರಾ ಸಾಲ ಸಿಗುತ್ತದೆಯೇ. ಇಬ್ಬರು ಮೂವರು ಸಹಪಾಠಿಗಳು ಸೇರಿ, ಒಬ್ಬರ ಮನೆಯ ತೋಟದ ಕಾಫಿಯನ್ನು ಹುರಿದು ಪುಡಿ ಮಾಡಿ ಹೋಮ್‌ಸ್ಟೇಗಳಿಗೂ ಊರಿನ ಅಂಗಡಿಗಳಿಗೂ ಹಾಕುತ್ತಿರುತ್ತಾರೆ. ಇವರಲ್ಲೊಬ್ಬರಿಗೆ ಕ್ಯಾಂಪಸ್ ಸಂದರ್ಶನದಲ್ಲಿ ಬೆಂಗಳೂರಿನ ಕೆಲಸ ಸಿಕ್ಕರೆ ವ್ಯವಹಾರದ ಗತಿಯೇನು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಲಾಭ ಹಂಚಿಕೊಳ್ಳುವ ಒಪ್ಪಂದದ ಮೇಲೆ ಒಟ್ಟಾಗಿ ವ್ಯಾಪಾರ ನಡೆಸುವವರು, ಬಾಯಿಮಾತಿನಲ್ಲೇ ಒಪ್ಪಿಕೊಂಡಿದ್ದರೂ, ಕಾನೂನಿನ ದೃಷ್ಟಿಯಲ್ಲಿ ಪಾಲುದಾರರೇ. ಬೇರೆ ಕರಾರು ಇಲ್ಲದಿದ್ದಲ್ಲಿ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೇ ಕಲಮಿನಂತೆ ದುಡಿಮೆಗೆಂದು ಪ್ರತ್ಯೇಕ ಸಂಭಾವನೆ ಕೇಳುವ ಹಕ್ಕು ಯಾರಿಗೂ ಇರುವುದಿಲ್ಲ, ಲಾಭ ನಷ್ಟಗಳಲ್ಲಿ ಎಲ್ಲರದೂ ಸಮಪಾಲು. ಹಾಗಾಗಿ ಊರಿನಲ್ಲೇ ಉಳಿದು ಬೆಳಿಗ್ಗೆ ಕಾಫಿ ಹುರಿದು, ಮಧ್ಯಾಹ್ನ ಪೊಟ್ಟಣ ಕಟ್ಟಿ, ಸಂಜೆ ಅಂಗಡಿಗಳ ಉದ್ರಿ ವಸೂಲಿಗೆ ಅಲೆಯುವವನಿಗೂ, ಬೆಂಗಳೂರಿನಲ್ಲಿ ಸಂಬಳ ಎಣಿಸುತ್ತ ತಿಂಗಳಿಗೊಮ್ಮೆ ಫೋನ್ ಮಾಡಿ ವಿಚಾರಿಸುವವನಿಗೂ ಸಿಗುವುದು ಒಂದೇ ಪಾಲು. ಸ್ನೇಹ ಕೆಡುವುದು ಬಹುಮಟ್ಟಿಗೆ ಇಲ್ಲಿಯೇ.

ಹೊರಟವನೂ ನಿಶ್ಚಿಂತನಲ್ಲ. ಸಂಸ್ಥೆ ಬಿಟ್ಟೆನೆಂದು ಗೆಳೆಯರಿಗಷ್ಟೇ ಹೇಳಿದರೆ ಸಾಲದು. ಸಾರ್ವಜನಿಕ ಪ್ರಕಟಣೆ ಹೊರಡಿಸುವವರೆಗೆ, ಅವನನ್ನು ಪಾಲುದಾರನೆಂದು ತಿಳಿದು ವ್ಯವಹರಿಸುವ ಹೊರಗಿನವರಿಗೆ ಅವನು ಹೊಣೆಗಾರನಾಗಿಯೇ ಉಳಿಯುತ್ತಾನೆ. ಅನೇಕ ಕಂಪನಿಗಳ ನೇಮಕಾತಿ ಪತ್ರದಲ್ಲಿ, ಅನುಮತಿಯಿಲ್ಲದೆ ಬೇರೆ ವ್ಯವಹಾರದಲ್ಲಿ ತೊಡಗಬಾರದೆಂಬ ಷರತ್ತೂ ಇರುತ್ತದೆ. ಸಹಿ ಹಾಕುವ ಮುನ್ನ ಅದನ್ನು ಓದಿದವರನ್ನು ನಾನು ಕಂಡದ್ದು ಕಡಿಮೆ. ಇತ್ತ ಲೆಕ್ಕ ಚುಕ್ತಾ ಮಾಡದೆ ಉಳಿದವರು ವ್ಯಾಪಾರ ಮುಂದುವರಿಸಿದರೆ, ಹೊರಟವನು ತನ್ನ ಪಾಲಿನ ಬಳಕೆಯಿಂದ ಬಂದ ಲಾಭವನ್ನಾಗಲಿ, ಆ ಪಾಲಿನ ಮೇಲೆ ವರ್ಷಕ್ಕೆ ಶೇ. 6ರ ಬಡ್ಡಿಯನ್ನಾಗಲಿ ಕೇಳಬಹುದು.

ಆದ್ದರಿಂದ ಕ್ಯಾಂಪಸ್ ಸಂದರ್ಶನಗಳು ಆರಂಭವಾಗುವ ಮೊದಲೇ, ಯಾರಿಗೆ ಕೆಲಸ ಸಿಗುತ್ತದೆಂಬುದು ಯಾರಿಗೂ ತಿಳಿಯದಿರುವಾಗಲೇ, ಪಾಲುದಾರಿಕೆ ಪತ್ರ ಬರೆಸಬೇಕೆಂಬುದು ನನ್ನ ಸಲಹೆ. ದುಡಿಯುವ ಪಾಲುದಾರನ ಸಂಬಳವೆಷ್ಟು, ಒಬ್ಬರು ಬಿಟ್ಟರೆ ಹುರಿಯುವ ಯಂತ್ರವೂ ಬ್ರ್ಯಾಂಡಿನ ಹೆಸರೂ ಯಾರಿಗೆ, ತೋಟದಿಂದ ತರುವ ಕಾಫಿಗೆ ಯಾವ ದರ ಎಂಬುದೆಲ್ಲ ಅದರಲ್ಲಿರಬೇಕು. ಮನೆಯ ಕಾಫಿಯೆಂದು ಖರ್ಚಿನಲ್ಲಿ ಸೊನ್ನೆ ಬರೆದರೆ, ಲಾಭವೆಂದು ಕಾಣುವುದು ಬಹುಪಾಲು ತಂದೆಯ ಫಸಲಿನ ಬೆಲೆಯೇ. ಆ ದಿನದ ಮಾರುಕಟ್ಟೆ ದರ ಹಿಡಿದು, ನೂರು ಕಿಲೋ ಬೀಜ ಹುರಿದರೆ ಸುಮಾರು 15ರಿಂದ 20 ಕಿಲೋ ತೂಕ ಇಳಿಯುವುದನ್ನೂ ಸೇರಿಸಿ, ದುಡಿದವನ ಸಂಬಳವನ್ನೂ ಕಳೆದ ಮೇಲೆ ಏನಾದರೂ ಮಿಕ್ಕರೆ ಆಗ ಆಫರ್ ಲೆಟರ್ ತಿರಸ್ಕರಿಸುವ ಮಾತನ್ನು ಎತ್ತಬಹುದು.

ಪಾಲುದಾರಿಕೆ ಸಂಸ್ಥೆಯ ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿಯಿಲ್ಲದಿದ್ದರೆ, ಪುಡಿ ತೆಗೆದುಕೊಂಡು ಸಾವಿರಾರು ರೂಪಾಯಿ ಬಾಕಿ ಉಳಿಸಿಕೊಂಡ ಹೋಮ್‌ಸ್ಟೇಯವರ ಮೇಲೆ ಸಂಸ್ಥೆಯ ಹೆಸರಿನಲ್ಲಿ ದಾವೆ ಹೂಡಲು 69ನೇ ಕಲಮು ಅಡ್ಡ ಬರುತ್ತದೆ.